ಜೋಡಿ ಹೆಸರು

ರಂಗಂಪೇಟೆಯ ನಾಗಣ್ಣನ ಕಿರಾಣಿ ಅಂಗಡಿಯಲ್ಲಿ ಬೆಲ್ಲ, ಬೇಳೆಯ ಜೊತೆಗೆ ಒಂದು ಪರೀಕ್ಷೆಯೂ ಸಿಗುತ್ತಿತ್ತು, ಅದೂ ಪುಕ್ಕಟೆಯಾಗಿ. ಮೇ ತಿಂಗಳು ಮುಗಿಯುತ್ತ ಬಂತೆಂದರೆ ಗಲ್ಲಿಯವರು ಮಕ್ಕಳನ್ನು ಕರೆತಂದು ಅವನ ಕಟ್ಟೆಯ ಮೇಲೆ ನಿಲ್ಲಿಸುವರು. ನಾಗಣ್ಣ ಮಗುವಿನ ಬಲಗೈ ಎತ್ತಿ, ನೆತ್ತಿಯ ಮೇಲಿಂದ ಹಾಯಿಸಿ, ಎಡಗಿವಿಗೆ ಮುಟ್ಟಿಸಿ ನೋಡುವನು. ಕಿವಿ ಸಿಕ್ಕರೆ ಮಗು ಸಾಲಿಗೆ, ಅಂದರೆ ಶಾಲೆಗೆ, ಲಾಯಕ್ಕು. ಸಿಗದಿದ್ದರೆ ಮುಂದಿನ ವರ್ಷ. ಹುಟ್ಟಿದ ತಾರೀಖು ಯಾರಿಗೂ ನೆನಪಿರದ ಕಾಲದಲ್ಲಿ ಅವನ ಅಪ್ಪ ಹೀಗೆ ಮಾಡುತ್ತಿದ್ದ, ಅದಕ್ಕೊಂದು ಅರ್ಥವಿತ್ತು. ಈಗ ಹೆರಿಗೆಯೆಲ್ಲ ಆಸ್ಪತ್ರೆಯಲ್ಲೇ ಆಗುತ್ತದೆ, ತಾರೀಖು ಮೊಬೈಲಿನಲ್ಲೂ ಇರುತ್ತದೆ. ಆದರೂ ನಾಗಣ್ಣ ಬಿಟ್ಟಿರಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ ಆತ.

ಅಂದು ಕಟ್ಟೆಯ ಮೇಲೆ ನಿಂತಿದ್ದವನು ಅವನ ಸ್ವಂತ ಮೊಮ್ಮಗ ಹಂಪಣ್ಣ. ನಾಲ್ಕು ತುಂಬಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಗಿಡ್ಡ ಕೈ ನೆತ್ತಿಯವರೆಗೆ ಹೋಗಿ ಅಲ್ಲೇ ಕುಳಿತುಬಿಟ್ಟಿತು. ನಾಗಣ್ಣ ಅತ್ತಿತ್ತ ನೋಡಿ, ಹುಡುಗನ ತಲೆಯನ್ನು ಮೆಲ್ಲಗೆ ಬಲಕ್ಕೆ ಬಾಗಿಸಿದ.

"ಸಿಕ್ತು ನೋಡು ಕಿವಿ!"

"ಮುತ್ಯಾ, ನೀ ಅವನ ತಲಿ ವಾರೆ ಮಾಡಿದಿ," ಎಂದಳು ಹಂಪಣ್ಣನ ಅಕ್ಕ ಉಮಾಶ್ರೀ. ಅವಳಿಗೆ ಶಿವರಾತ್ರಿಗೆ ಆರು ತುಂಬಿತ್ತು. ಯಾರೂ ಕೇಳದಿದ್ದರೂ ತನ್ನ ಕೈ ಎತ್ತಿ, ಕಿವಿ ಹಿಡಿದು, ಓಲೆಯನ್ನು ಅಲ್ಲಾಡಿಸಿ ತೋರಿಸಿದಳು.

ಬಾಗಿಲಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದ ಪಾರ್ವತಿಬಾಯಿಗೆ ನಗು ತಡೆಯಲಾಗಲಿಲ್ಲ. ಗಂಡ ದುರುಗುಟ್ಟಿದಾಗ ಸೆರಗು ಬಾಯಿಗೊತ್ತಿಕೊಂಡಳು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಆ ಮನೆಯಲ್ಲಿ ಇನ್ನೊಂದು ರೂಢಿಯಿತ್ತು. ಹೆಣ್ಣು ಮಗುವನ್ನು ಒಬ್ಬಳನ್ನೇ ಸಾಲಿಗೆ ಹಚ್ಚುವುದಿಲ್ಲ. ಬೆನ್ನಿಗೆ ಬಿದ್ದ ತಮ್ಮನಿಗೆ ವಯಸ್ಸಾಗುವವರೆಗೆ ಅವಳು ಮನೆಯಲ್ಲೇ ಇರಬೇಕು. ಆಮೇಲೆ ಇಬ್ಬರನ್ನೂ ಒಂದೇ ದಿನ, ಒಂದೇ ಕ್ಲಾಸಿಗೆ. ಇದಕ್ಕೆ ಜೋಡಿ ಹೆಸರು ಎನ್ನುತ್ತಿದ್ದರು. ಅಕ್ಕನ ಎಡಗೈ ತಮ್ಮನ ಸೊತ್ತು. ಅವನನ್ನು ನಡೆಸಿಕೊಂಡು ಹೋಗುವುದು, ಅತ್ತರೆ ಸಂತೈಸುವುದು, ಅವನ ಲೆಕ್ಕ ಬಿಡಿಸಿಕೊಡುವುದು, ಎಲ್ಲ ಅವಳ ಪಾಲಿಗೆ.

ಪಾರ್ವತಿಬಾಯಿಯ ತವರಿನಲ್ಲೂ ಇದೇ ರೂಢಿ, ಅವಳೂ ತನ್ನ ತಮ್ಮನ ಜೋಡಿಯಾಗಿ ಹೋದವಳು. ಮೂರನೇ ಕ್ಲಾಸಿನಲ್ಲೇ ಹುಡುಗಿ ಎತ್ತರ ಬೆಳೆದಳೆಂದು ಬಿಡಿಸಿದರು. ಅವಳ ಮಗಳು ಮಲ್ಲಿಕಮ್ಮ ತಮ್ಮ ಬಸವಲಿಂಗನ ಜೋಡಿಯಾಗಿ ಹೋದಳು. ಇಬ್ಬರ ಲೆಕ್ಕವನ್ನೂ ಅವಳೇ ಮಾಡುತ್ತಿದ್ದಳು. ಆರನೇ ಕ್ಲಾಸಿನಲ್ಲಿ ಮೈನೆರೆದಳು, ಅಲ್ಲಿಗೆ ಓದು ಮುಗಿಯಿತು. ಬಸವಲಿಂಗ ಪದವಿ ಮುಗಿಸಿ ಯಾದಗಿರಿಯಲ್ಲಿ ನೌಕರಿ ಮಾಡುತ್ತಿದ್ದಾನೆ. ಮಲ್ಲಿಕಮ್ಮ ಸೈದಾಪುರದ ಗಂಡನ ಮನೆಯಿಂದ ಅಂಗನವಾಡಿ ಸಹಾಯಕಿಯ ಕೆಲಸ ಕೇಳಲು ಹೋಗಿ, ಹತ್ತನೇದು ಪಾಸಾಗಿಲ್ಲವೆಂದು ಹೇಳಿಸಿಕೊಂಡು ವಾಪಸ್ಸಾದಳು. ಮನೆಯಲ್ಲಿ ಎಲ್ಲರಿಗಿಂತ ಚುರುಕಾಗಿದ್ದ ಹುಡುಗಿ ಅದು.

"ಅತ್ತಿ, ಈ ಸಲನೂ ಸುಮ್ಮನ ಕುಂದ್ರಬ್ಯಾಡ್ರಿ," ಎಂದಿದ್ದಳು ಸೊಸೆ ಸೌಭಾಗ್ಯ, ಬಸವಲಿಂಗನ ಹೆಂಡತಿ, ಈ ಇಬ್ಬರು ಮಕ್ಕಳ ತಾಯಿ, ರೊಟ್ಟಿ ಬಡಿಯುತ್ತ. "ನಾ ಹೇಳಿದ್ರ ಮಾವಾರು ಕೇಳೂದಿಲ್ಲ. ಇವರಂತೂ ಅಪ್ಪನ ಮುಂದ ಬಾಯಿನೇ ಬಿಚ್ಚೂದಿಲ್ಲ."

"ನೋಡೂಣು ತಡಿ," ಎಂದಿದ್ದಳು ಪಾರ್ವತಿಬಾಯಿ. ನೋಡೋಣ ಎನ್ನುತ್ತಲೇ ಅವಳ ಅರ್ಧ ಆಯುಷ್ಯ ಕಳೆದಿತ್ತು.

ಸಾಲಿ ಶುರುವಾದ ದಿನ ನಾಗಣ್ಣ ಇಸ್ತ್ರಿಯ ಅಂಗಿ ತೊಟ್ಟು, ಹೆಂಡತಿ ಮೊಮ್ಮಕ್ಕಳೊಂದಿಗೆ ಹೊರಟ. ಮುಖ್ಯೋಪಾಧ್ಯಾಯಿನಿ ಕುಬ್ರಾಬೇಗಂ ಕುರ್ಚಿ ಹಾಕಿಸಿ, ನೀರು ಕೊಡಿಸಿ, ಹುಡುಗನ ವಯಸ್ಸು ಕೇಳಿದರು.

"ಆರು ಅಂತ ಬರಕೋರಿ ಮೇಡಂ. ಕಿವಿ ಸಿಕ್ಕದ."

"ಕಿವಿ ಸಿಕ್ಕೀತು ಸಾವಕಾರ್ರೆ, ಆರು ವರ್ಷ ಎಲ್ಲಿ ಸಿಗತಾವ?" ಕುಬ್ರಾಬೇಗಂ ನಕ್ಕರು. "ಜೂನ್ ಒಂದಕ್ಕ ಆರು ತುಂಬಿರಬೇಕು. ಆಗ ಒಂದನೇ ಕ್ಲಾಸ. ಮೂರರಿಂದ ಆರರ ತನಕ ಅಂಗನವಾಡಿ. ನಿಮ್ಮ ಹುಡುಗಿಗಿ ತುಂಬ್ಯದ, ಇವತ್ತೇ ಹೆಸರು ಹಚ್ಚಿಕೋತೀನಿ. ಹುಡುಗ ಇನ್ನೂ ಎರಡು ವರ್ಷ ಆಡಲಿ."

"ಜೂನ್ ಒಂದರಾಗ ಏನ್ ಅದರಿ ಅಂಥಾದ್ದು?"

"ಎಲ್ಯಾರ ಒಂದು ಗೆರಿ ಎಳೀಬೇಕಲ್ರಿ. ಮಿರಗದ ಮಳಿ ಬರೂಕಿಂತ ಮೊದಲ ತೊಗರಿ ಬಿತ್ತೀರೇನು? ಇಲ್ಲ. ಹಂಗಂತ ದೀಪಾವಳಿ ತನಕ ಬೀಜ ಇಟ್ಕೊಂಡು ಕುಂದ್ರತೀರೇನು? ಅದೂ ಇಲ್ಲ. ನೀವು ಒಂದನ್ನ ಅವಸರ ಮಾಡಿ ಬಿತ್ತಾಕತ್ತೀರಿ, ಇನ್ನೊಂದನ್ನ ಚೀಲದಾಗ ಹುಳಾ ಹಿಡಸಾಕತ್ತೀರಿ."

ನಾಗಣ್ಣ ಪಟ್ಟು ಬಿಡಲಿಲ್ಲ. "ನಮ್ಮ ಹುಡುಗ ಶಾಣ್ಯಾ ಇದ್ದಾನ್ರಿ. ಕುಂದರಿಸಿ ನೋಡ್ರಿ ಬೇಕಾದ್ರ."

"ಆಯ್ತು, ನೋಡೂಣು," ಎಂದರು ಕುಬ್ರಾಬೇಗಂ.

ಅಕ್ಕ ತಮ್ಮ ಇಬ್ಬರನ್ನೂ ಒಂದನೇ ಕ್ಲಾಸಿನ ಚಾಪೆಯ ಮೇಲೆ ಕೂಡಿಸಿ ಕೈಗೊಂದು ಪಾಟಿ ಕೊಟ್ಟರು. ಅಜ್ಜ ಅಜ್ಜಿ ಕಿಟಕಿಯಲ್ಲಿ ನಿಂತರು. ಶಾಣ್ಯಾ ಹುಡುಗ ಮೊದಲು ಬಳಪದ ರುಚಿ ನೋಡಿದ. ಆಮೇಲೆ ಪಕ್ಕದವಳ ಜಡೆ ಎಳೆದ. ಆಮೇಲೆ, "ಮುತ್ಯಾ, ಬೆಲ್ಲಾ!" ಎಂದು ಕಿಟಕಿಯತ್ತ ಕೂಗಿದ. ಕ್ಲಾಸಿಗೆ ಕ್ಲಾಸೇ ಗೊಳ್ಳೆಂದಿತು. ಕಡೆಗೆ ಚಡ್ಡಿ ಒದ್ದೆ ಮಾಡಿಕೊಂಡು ಸೂರು ಹಾರುವಂತೆ ಅಳತೊಡಗಿದ.

ಉಮಾಶ್ರೀ ಆಗ ಬೋರ್ಡು ನೋಡಿ ತನ್ನ ಹೆಸರಿನ ಮೊದಲ ಅಕ್ಷರ ಬರೆಯುತ್ತಿದ್ದಳು. ನಾಲಿಗೆ ತುದಿ ಹೊರಗೆ ಬಂದಿತ್ತು, ಕಣ್ಣು ಅರಳಿದ್ದವು. ತಮ್ಮನ ಅಳು ಕೇಳಿದ್ದೇ ಬಳಪ ಕೆಳಗಿಟ್ಟಳು. ಯಾರೂ ಹೇಳಲಿಲ್ಲ, ಯಾರೂ ಕರೆಯಲಿಲ್ಲ. ಎದ್ದು ಎಡಗೈಯಲ್ಲಿ ಅವನ ಕೈ ಹಿಡಿದು ಹೊರಗೆ ಕರೆತಂದಳು. ಬರುವಾಗ ಒಮ್ಮೆ ಮಾತ್ರ ಹಿಂದಿರುಗಿ ತನ್ನ ಪಾಟಿಯನ್ನು ನೋಡಿದಳು.

ಪಾರ್ವತಿಬಾಯಿ ಕಿಟಕಿ ಬಿಟ್ಟು ಬಾಗಿಲಿಗೆ ಬಂದಳು. ಮಲ್ಲಿಕಮ್ಮ ಹೀಗೇ ಎದ್ದು ಬರುತ್ತಿದ್ದಳು. ತಾನೂ ಹೀಗೇ ಎದ್ದು ಬರುತ್ತಿದ್ದಳು.

ನಾಗಣ್ಣ ಮುಖ ಗಂಟಿಕ್ಕಿಕೊಂಡ. "ಆಯ್ತ್ರಿ ಮೇಡಂ. ಎರಡು ವರ್ಷ ಬಿಟ್ಟು ಇಬ್ಬರೂ ಕೂಡೇ ಬರ್ತಾವ. ನಡಿ ಉಮಾ, ಪಾಟಿ ವರಸಿ ಕೊಟ್ಟು ಬಾ."

"ಎರಡು ವರ್ಷಕ್ಕ ಆಕಿಗಿ ಎಂಟು ಆಗತದ," ಕುಬ್ರಾಬೇಗಂ ಈಗ ನಗುತ್ತಿರಲಿಲ್ಲ. "ಏಳನೇ ಕ್ಲಾಸಿಗಿ ಬರೂದ್ರಾಗ ಹದಿನಾಲ್ಕು. ಆಗ ಹುಡುಗಿ ದೊಡ್ಡಾಕಿ ಆದ್ಲು ಅಂತ ನೀವೇ ಬಂದು ಹೆಸರು ತಗಸ್ತೀರಿ. ಎಷ್ಟು ಹುಡುಗ್ಯಾರನ್ನ ಹಂಗ ಕಳಿಸೀನಿ ಗೊತ್ತದೇನ್ರಿ?"

"ನಮ್ಮ ಮನಿ ಪದ್ಧತಿರಿ ಅದು. ಹೆಣ್ಣಹುಡುಗಿ ಒಬ್ಬಾಕಿನೇ ಹೆಂಗ ಬರತದ? ರಸ್ತೇದಾಗ ಟ್ರ್ಯಾಕ್ಟರ್ ಹರದಾಡ್ತಾವ."

ಉಮಾಶ್ರೀ ಒಳಗೆ ಹೋಗಿ ಪಾಟಿ ಎತ್ತಿಕೊಂಡಳು. ಲಂಗದ ಅಂಚು ಹಿಡಿದಳು.

"ವರಸಬ್ಯಾಡ ಮಗಳ!"

ದನಿ ಪಾರ್ವತಿಬಾಯಿಯದು. ಮದುವೆಯಾದಂದಿನಿಂದ ನಾಲ್ಕು ಜನರ ಎದುರು ಗಂಡನಿಗೆ ತಿರುಗಿ ಆಡದ ಹೆಂಗಸು. ಅವಳಿಗೇ ತನ್ನ ದನಿ ಹೊಸದಾಗಿ ಕೇಳಿಸಿತು.

"ಉಮಾ ಮನಿಗಿ ಬರೂದಿಲ್ರಿ. ಇವತ್ತೇ ಆಕಿ ಹೆಸರು ಹಚ್ಚಬೇಕು."

"ಏ, ನಿನಗೇನ್ ತಿಳೀತದ..."

"ತಿಳೀತದ. ನಿಮಗ ತಿಳಿಯೂದಿಲ್ಲ, ಯಾಕಂದ್ರ ನಿಮ್ಮನ್ನ ಕೈ ಹಿಡಿದು ಕರ್ಕೊಂಡು ಹೋಗ್ಯಾರ. ತಮ್ಮನ್ನ ಹಿಡಕೊಂಡು ಹೋದಾಕಿ ನಾನು. ನನ್ನ ಪಾಳಿಗೆ ಸುಮ್ಮನಿದ್ದೆ. ಮಲ್ಲಿಕಮ್ಮನ ಪಾಳಿಗೂ ಸುಮ್ಮನಿದ್ದೆ. ಇನ್ನ ಆಗೂದಿಲ್ಲ. ಟ್ರ್ಯಾಕ್ಟರ್ ಹರದಾಡಿದ್ರ ರಸ್ತೆ ನಾ ದಾಟಸ್ತೀನಿ. ಹಂಪ್ಯಾನ್ನ ಅಂಗನವಾಡಿಗಿ ನಾನೇ ಬಿಡ್ತೀನಿ."

"ಮತ್ತ ಅಂಗಡಿ ಬೇಳಿ ಯಾರು ಹಸನ ಮಾಡಬೇಕು?"

"ನೀವು ಮಾಡ್ರಿ."

ಕುಬ್ರಾಬೇಗಂ ಕೆಮ್ಮು ಬಂದವರಂತೆ ಮುಖ ತಿರುಗಿಸಿದರು. ನಾಗಣ್ಣ ಹೆಂಡತಿಯನ್ನು ನೋಡಿದ, ಮೊಮ್ಮಗಳನ್ನು ನೋಡಿದ, ಕಡೆಗೆ ಒದ್ದೆ ಚಡ್ಡಿಯ ಮೊಮ್ಮಗನನ್ನು ನೋಡಿದ. ಅವನ ಕಡೆಯವನೆಂದು ಅಲ್ಲಿದ್ದವನು ಹುಡುಗನೊಬ್ಬನೇ, ಅವನೂ ಬೆಲ್ಲ ಕೇಳುತ್ತಿದ್ದ.

"ಹಚ್ಚಿಕೋರಿ ಮೇಡಂ," ಎಂದ, ಹಲ್ಲಿನ ಸಂದಿಯಿಂದ.

ಮುಂದಿನ ವಾರ ಗಲ್ಲಿಯವರಿಗೆ ಒಂದು ತಮಾಷೆ ಕಾದಿತ್ತು. ನಾಗಣ್ಣ ಕಟ್ಟೆಯ ಮೇಲೆ ಮೊರ ಹಿಡಿದು ಬೇಳೆಯಲ್ಲಿ ಹರಳು ಹುಡುಕುತ್ತಿದ್ದ. ತನ್ನ ಮೊಮ್ಮಗನನ್ನು ಎತ್ತಿಕೊಂಡು ಬಂದ ಗಲ್ಲಿಯ ಹುಸೇನಬೀ, "ಅಣ್ಣಾ, ಇವನ ಕಿವಿ ಒಂದಿಷ್ಟು ನೋಡ್ರಿ," ಎಂದಳು.

"ಕಿವಿ ಗಿವಿ ಬಂದ್ ಮಾಡೀನಿ," ಎಂದು ನಾಗಣ್ಣ ತಲೆ ಎತ್ತದೆ ಗುರುಗುಟ್ಟಿದ. "ಹುಟ್ಟಿದ ತಾರೀಖು ಹೇಳು."

ಒಳಗೆ ಪಾರ್ವತಿಬಾಯಿ ಫೋನಿನಲ್ಲಿದ್ದಳು. ಆ ಕಡೆ ಮಲ್ಲಿಕಮ್ಮ.

"ಅವ್ವಾ, ಉಮಾ ಸಾಲಿಗಿ ಹೋದ್ಲೇನು? ಹಂಪ್ಯಾನ್ನ ಕರ್ಕೊಂಡೇ ಹೋಗ್ಯಾಳ?"

"ಇಲ್ಲವ್ವ. ಅವ ಅಂಗನವಾಡ್ಯಾಗ ಉಪ್ಪಿಟ್ಟು ತಿನ್ನಾಕತ್ಯಾನ. ರಸ್ತೆ ತನಕ ನಾ ಹೋದೆ, ಅಲ್ಲಿಂದ ಆಕಿನೇ ಓಡಿದ್ಲು. ಒಂದು ಕೈಯಾಗ ಪಾಟಿ, ಇನ್ನೊಂದು ಕೈ ಬೀಸ್ಕೋತ."



"ಯಾವ ಕೈ ಬೀಸಿದ್ಲವ್ವ?"

"ಎಡಗೈ."

"ಹಂಗೇನು," ಎಂದಳು ಮಲ್ಲಿಕಮ್ಮ. ಮೂಗು ಸೊರ್ರೆನಿಸಿದಳು, ಆಮೇಲೆ ನಕ್ಕಳು. "ಇನ್ನೊಮ್ಮೆ ಹೇಳವ್ವ, ಹೆಂಗ ಓಡಿದ್ಲು?"

ಪಾರ್ವತಿಬಾಯಿ ಮೊದಲಿನಿಂದ ಹೇಳತೊಡಗಿದಳು.