ಪಾದ ಮುಟ್ಟಿದವರು

ಶಿವರಾತ್ರಿ ಕಳೆದು ಬಿಸಿಲು ಬಲಿಯತೊಡಗಿದ್ದ ದಿನಗಳು. ಸೋಮವಾರ ಸಂಜೆ, ಮೇಯಲು ಹೋದ ಕುರಿಗಳು ಖಾನಾಪುರದ ಹತ್ತಿರದ ಬೀಡಿ ಎಂಬ ಊರೊಳಗೆ ತಿರುಗಿ ಬರುವ ಹೊತ್ತಿಗೆ ಭೀಮಕ್ಕನ ಮೊಮ್ಮಗಳು ಸಮೃದ್ಧಿಗೆ ಮೈ ಬಿಸಿಯಾಯಿತು. ಮೂರು ವರ್ಷದ ಕೂಸು. ಅಂಗನವಾಡಿಯಿಂದ ಬಂದಾಗ ಚೆನ್ನಾಗಿಯೇ ಇತ್ತು, ಕಟ್ಟೆಯ ಮೇಲೆ ಕುಳಿತು ಓಣಿಯಲ್ಲಿ ಹೋಗುವ ಬರುವವರನ್ನೆಲ್ಲ ಹೆಸರು ಹಿಡಿದು ಕರೆಯುತ್ತಿತ್ತು. ಆಮೇಲೆ ಒಮ್ಮೆಲೇ ವಾಂತಿ ಮಾಡಿಕೊಂಡು ತಾಯಿಯ ತೊಡೆಯ ಮೇಲೆ ಬಿದ್ದುಕೊಂಡಿತು. ಶೀತಲ ಎಂದು ತಾಯಿಯ ಹೆಸರು, ಅವಳು ಜ್ವರದ ಔಷಧಿ ಕುಡಿಸಿ ಹಸಿ ಬಟ್ಟೆಯಿಂದ ಮೈ ಒರೆಸಿದಳು. ಕೂಸಿನ ತಂದೆ, ಭೀಮಕ್ಕನ ಮಗ ಸಂಜಯ ಲೋಂಡಾದಲ್ಲಿ ರೈಲು ಹಳಿಯ ಕೆಲಸದವನು. ಆ ವಾರ ಅವನಿಗೆ ಕಾಡಿನ ನಡುವೆ, ಫೋನು ಹತ್ತದ ಕಡೆ ಕೆಲಸ ಬಿದ್ದಿತ್ತು.

ಮಂಗಳವಾರ ಮುಂಜಾನೆ ಕೂಸನ್ನು ಎತ್ತಿಕೊಂಡರೆ ಚೀರುತ್ತಿತ್ತು, ಕೆಳಗಿಟ್ಟರೆ ಸುಮ್ಮನಾಗುತ್ತಿತ್ತು. ಕಾಲಂತೂ ಮುಟ್ಟಿಸಿಕೊಳ್ಳುತ್ತಲೇ ಇರಲಿಲ್ಲ. ನೀರು ಬೇಡ, ಹಾಲು ಬೇಡ. ಅಂಗಿ ಬದಲಿಸುವಾಗ ಹೊಟ್ಟೆಯ ಮೇಲೆ, ತೊಡೆಯ ಮೇಲೆ ಐದಾರು ಕೆಂಪು ಚುಕ್ಕೆ ಕಂಡವು.

ಭೀಮಕ್ಕ ನೋಡಿದವಳೇ ಕೈ ಮುಗಿದಳು. ಜ್ವರದ ಜೊತೆ ಮೈಮೇಲೆ ಚುಕ್ಕೆ ಎದ್ದರೆ ಆ ಓಣಿಯಲ್ಲಿ ಅದನ್ನು ರೋಗ ಎನ್ನುವುದಿಲ್ಲ, ಅವ್ವ ಬಂದಾಳ ಎನ್ನುತ್ತಾರೆ. ದೇವಿಯೇ ಕೂಸಿನ ಮೈಯೊಳಗೆ ಬಂದು ಕುಳಿತಳೆಂದ ಮೇಲೆ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಔಷಧಿ ಕೊಡುವಂತಿಲ್ಲ, ಕೂಸನ್ನು ಹೊಸ್ತಿಲು ದಾಟಿಸುವಂತಿಲ್ಲ. ತಾಯಿಯ ಹೊರತು ಯಾರೂ ಮೈ ಮುಟ್ಟುವಂತಿಲ್ಲ, ಪಾದ ಮುಟ್ಟಿ ನಮಸ್ಕಾರ ಮಾಡಬಹುದು ಅಷ್ಟೆ. ಭೀಮಕ್ಕ ತನ್ನ ಮೂರೂ ಮಕ್ಕಳಿಗೆ ಅವ್ವ ಬಂದು ಹೋದದ್ದನ್ನು ಕಂಡವಳು. ಸಂಜಯನಿಗೆ ಬಂದದ್ದು ಕಾರಹುಣ್ಣಿಮೆಯ ಮರುದಿನ, ಏಳಲಿಲ್ಲ ಕೂರಲಿಲ್ಲ, ಒಂಬತ್ತು ದಿನ ಬೇವಿನ ಸೊಪ್ಪಿನ ಮೇಲೆ ಮಲಗಿದ್ದ. ಮೂವರೂ ಉಳಿದಿದ್ದರು. ಹೋದ ವಾರ ಬಾಜು ಓಣಿಯ ಎರಡು ಮಕ್ಕಳಿಗೂ ಬಂದಿತ್ತು. ಮೇಲಾಗಿ ಇವತ್ತು ಮಂಗಳವಾರ, ಅವ್ವನ ವಾರ.

ಶೀತಲಳ ಮನಸ್ಸು ಒಪ್ಪಲಿಲ್ಲ. ಅಂಗನವಾಡಿಯ ಸಭೆಯಲ್ಲಿ ಆಶಾ ಕಾರ್ಯಕರ್ತೆ ಪ್ರಮಿಳಾ ಒಂದು ಗಾಜಿನ ಗ್ಲಾಸು ಹಿಡಿದು ತೋರಿಸಿದ್ದಳು. ಜ್ವರ ಬಂದ ಮಗುವಿನ ಮೈಮೇಲಿನ ಚುಕ್ಕೆಗೆ ಗ್ಲಾಸು ಒತ್ತಿ ನೋಡಬೇಕು, ಒತ್ತಿದಾಗಲೂ ಬಣ್ಣ ಮಾಯವಾಗದಿದ್ದರೆ ಒಂದು ಗಳಿಗೆಯೂ ಕೂರದೆ ಆಸ್ಪತ್ರೆಗೆ ಹೋಗಬೇಕು ಎಂದಿದ್ದಳು. ಶೀತಲ ಗ್ಲಾಸು ತಂದು ಒತ್ತಿದಳು. ಗಾಜಿನ ಕೆಳಗೂ ಚುಕ್ಕೆ ಹಾಗೆಯೇ ಇತ್ತು.

"ಅತ್ತಿ, ಒತ್ತಿದ್ರೂ ಹೋಗವಲ್ವು ನೋಡ್ರಿ. ದವಾಖಾನಿಗೆ ಹೋಗೂಣು."

"ಅವ್ವನ್ನ ಗ್ಲಾಸ್ ಹಚ್ಚಿ ನೋಡ್ತಿ ಏನ? ಬಂಗಾರ ಖರೇ ಐತೇನಂತ ಅಕ್ಕಸಾಲಿಗ್ಯಾ ಒರಿಗಲ್ಲಿಗೆ ಹಚ್ಚಿದಂಗ?" ಎಂದಳು ಭೀಮಕ್ಕ.

ಬಾಗಿಲಲ್ಲಿ ನಿಂತಿದ್ದ ಕಾಡವ್ವ ನಕ್ಕಳು. ಅವಳು ಎದುರು ಮನೆಯವಳು, ಭೀಮಕ್ಕನ ವಾರಿಗೆಯವಳು. ಆಗಲೇ ತೆಂಗಿನಕಾಯಿ, ಬೇವಿನ ಟೊಂಗೆ ಹಿಡಿದು ಬಂದಿದ್ದಳು. ಅವಳ ಹಿಂದೆ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಕುಂಕುಮ ಇಟ್ಟರು, ಕೂಸಿನ ಪಾದಕ್ಕೆ ಹಣೆ ಹಚ್ಚಿದರು. ಹಚ್ಚಿದಾಗಲೆಲ್ಲ ಕೂಸು ಕಾಲು ಎಳೆದುಕೊಂಡು ಚೀರಿತು. ಅವ್ವ ಭಾಳ ಜೋರಿನಾಕಿ ಬಂದಾಳ ಎಂದು ಆಡಿಕೊಂಡು ಹೋದರು.

ಮಧ್ಯಾಹ್ನ ಎಡೆ ಹಿಡಿಯುವ ಮುಂಚೆ ಭೀಮಕ್ಕ ತಾನೂ ಪಾದಕ್ಕೆ ಕೈ ಹಚ್ಚಿದಳು. ಪಾದ ತಣ್ಣಗಿತ್ತು. ಕಂಬಳಿ ಸರಿಪಡಿಸುವಾಗ ಕೂಸಿನ ಕೈ ತಗುಲಿತು, ಅದೂ ತಣ್ಣಗೆ. ಮುಂಜಾನೆಯಿಂದ ಚೀರುತ್ತಿದ್ದ ಕೂಸು ಈಗ ಕಾಲು ಎಳೆದುಕೊಳ್ಳಲಿಲ್ಲ, ಮಿಸುಕಲಿಲ್ಲ. ಭೀಮಕ್ಕನಿಗೆ ಎದೆಯ ಮೇಲಿನ ಭಾರ ಇಳಿದಂತಾಯಿತು.

"ತಣ್ಣಗಾಗ್ಯಾಳ ನೋಡ, ಶೀತಲ. ಅವ್ವ ತಣ್ಣಗಾಗ್ಯಾಳ."

ಹಾಗೆಂದರೆ ದೇವಿಯ ಸಿಟ್ಟು ಇಳಿಯಿತು, ಜ್ವರ ಬಿಟ್ಟಿತು ಎಂದು ಅರ್ಥ. ಶೀತಲಳೂ ಬಂದು ಪಾದ ಮುಟ್ಟಿದಳು. ಹಿಂದಿನ ರಾತ್ರಿಯಿಡೀ ಕಣ್ಣು ಮುಚ್ಚದವಳು, ಅವಳಿಗೂ ನಂಬಬೇಕಾಗಿತ್ತು. ಅತ್ತೆ ಹೇಳಿದಂತೆ ಸ್ನಾನ ಮಾಡಿ, ಎರಡು ತುತ್ತು ಮೊಸರನ್ನ ತಿಂದು, ಕೂಸಿನ ಬಾಜು ಅಡ್ಡಾದಳು. ಭೀಮಕ್ಕ ಕಂಬಳಿಯನ್ನು ಇಬ್ಬರ ಮೇಲೂ ಎಳೆದು, ನಿದ್ದೆ ಕೆಡಬಾರದೆಂದು ಬಾಗಿಲು ಮುಂದೆ ಮಾಡಿ ಹೊರಗೆ ಕುಳಿತಳು. ಬಂದವರಿಗೆಲ್ಲ ಕೈಸನ್ನೆಯಲ್ಲೇ ಆಮೇಲೆ ಬರ್ರಿ ಎಂದು ಹೇಳಿ ಕಳಿಸಿದಳು. ಹೀಗೆ ಮೂರು ತಾಸು ಹೋದವು.

ಒಳಗೆ ಶೀತಲ ಎದ್ದಳು. ಕೂಸನ್ನು ಎತ್ತಿಕೊಂಡು ನೇರವಾಗಿ ಬಾಗಿಲಿಗೆ ಬಂದಳು. ಕೂಸಿನ ತಲೆ ಅವಳ ತೋಳಿನ ಮೇಲೆ ಜೋಲುತ್ತಿತ್ತು. ಕಣ್ಣು ಅರ್ಧ ತೆರೆದಿದ್ದವು, ಆದರೆ ಯಾರನ್ನೂ ನೋಡುತ್ತಿರಲಿಲ್ಲ. ಉಸಿರು ಓಡಿಬಂದ ಕುರಿಮರಿಯ ಉಸಿರಿನಂತೆ. ಭೀಮಕ್ಕ ಎದ್ದು ಬಾಗಿಲಿಗೆ ಅಡ್ಡ ನಿಂತಳು.

"ಇವತ್ತ ಹೊಸ್ತಿಲಾ ದಾಟಸಬ್ಯಾಡವಾ. ಅವ್ವ ಮುನೀತಾಳ."

"ಹೊಟ್ಟಿ ಮುಟ್ಟಿ ನೋಡ್ರಿ," ಎಂದಳು ಶೀತಲ. "ಕಾಲಲ್ಲ ಅತ್ತಿ. ಹೊಟ್ಟಿ."

ಭೀಮಕ್ಕ ಮುಟ್ಟಲು ಹಿಂದೆಗೆದಳು. ಶೀತಲ ಅವಳ ಕೈಯನ್ನು ಹಿಡಿದು ಅಂಗಿಯೊಳಗೆ ಇಟ್ಟಳು. ಒಲೆಯ ಮೇಲಿನ ಹಂಚು ಮುಟ್ಟಿದಂತಿತ್ತು. ಅಂಗಿ ಸರಿದಾಗ ಚುಕ್ಕೆಗಳೂ ಕಂಡವು. ಐದಾರು ಇದ್ದದ್ದು ಈಗ ಲೆಕ್ಕಕ್ಕೆ ಸಿಗದಷ್ಟಾಗಿ, ಒಂದಕ್ಕೊಂದು ಕೂಡಿ ನೇರಳೆ ಹಣ್ಣು ಜಜ್ಜಿದ ಕಲೆಯಂತೆ ಹರಡಿದ್ದವು. ಒಂದರಲ್ಲೂ ನೀರು ತುಂಬಿರಲಿಲ್ಲ. ಸಂಜಯನ ಮೈಮೇಲೆ ಎದ್ದದ್ದು ನೀರುಗುಳ್ಳೆ. ಅದು ಭೀಮಕ್ಕನಿಗೆ ಆ ಗಳಿಗೆಯಲ್ಲಿ ನಿಚ್ಚಳವಾಗಿ ನೆನಪಾಯಿತು. ಅವಳು ಬದಿಗೆ ಸರಿದಳು.

ಓಣಿಯ ಹಣಮಪ್ಪನ ಟಂಟಂ ರಿಕ್ಷಾದಲ್ಲಿ ಖಾನಾಪುರದ ಆಸ್ಪತ್ರೆಗೆ ಹೋದರು. ಅಲ್ಲಿಯ ಡಾಕ್ಟರಮ್ಮ ಕೂಸಿನ ಬೆರಳ ತುದಿ ಒತ್ತಿ ಬಿಟ್ಟು ನೋಡಿದಳು. ಹೋದ ಕೆಂಪು ತಿರುಗಿ ಬರಲು ಬಹಳ ಹೊತ್ತು ತೆಗೆದುಕೊಂಡಿತು. ಕೂಡಲೇ ಸೂಜಿ ಹಾಕಿ, ಬೆಳಗಾವಿಗೆ ಹೋಗಲು ಆಂಬ್ಯುಲೆನ್ಸ್ ಕರೆಸಿ, ಬಗ್ಗಿದ ತಲೆ ಎತ್ತದೆ ಕೇಳಿದಳು.

"ಕೈಕಾಲು ಯಾವಾಗಿಂದ ತಣ್ಣಗ ಅದಾವು?"

ಶೀತಲ ಅತ್ತೆಯ ಕಡೆ ನೋಡಿದಳು. ಅತ್ತೆ ಈಗಷ್ಟೇ ಎಂದು ಹೇಳಿಬಿಡಬಹುದಿತ್ತು.

"ಮಧ್ಯಾನ್ದಿಂದ," ಎಂದಳು ಭೀಮಕ್ಕ. "ನಾನ ಮುಟ್ಟಿದ್ನಿ. ಜ್ವರಾ ಇಳೀತು ಅಂದ್ನಿ."

ಡಾಕ್ಟರಮ್ಮ ಬಯ್ಯಲಿಲ್ಲ. ನಂಜು ರಕ್ತಕ್ಕೆ ಏರಿದಾಗ ಮೈ ತನ್ನ ರಕ್ತವನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ, ಆಗ ಹೊಟ್ಟೆ ಸುಡುತ್ತಿದ್ದರೂ ಕೈಕಾಲು ತಣ್ಣಗಾಗುತ್ತವೆ ಎಂದು ಹೇಳಿದಳು. ಅದು ಜ್ವರ ಇಳಿದದ್ದಲ್ಲ ಎಂದಳು. ಕಾಲು ನೋವೆಂದು ಚೀರುವುದು, ಆಮೇಲೆ ಎಬ್ಬಿಸಿದರೂ ಏಳದೆ ಮಂಕಾಗುವುದು, ಒತ್ತಿದರೆ ಮಾಸದ ಚುಕ್ಕೆ, ಎಲ್ಲವನ್ನೂ ಕೇಳಿ ಕೇಳಿ ಬರೆದುಕೊಂಡಳು. ಭೀಮಕ್ಕ ಪ್ರತಿಯೊಂದಕ್ಕೂ ಹೌದು ಎಂದಳು. ಪ್ರತಿಯೊಂದಕ್ಕೂ ಹೊತ್ತು ಹೇಳಿದಳು.

ಬೆಳಗಾವಿಯ ದೊಡ್ಡ ಆಸ್ಪತ್ರೆಯಲ್ಲಿ ಕೂಸಿನ ಬಾಯಿಗೆ ನಳಿಕೆ ಹಾಕಿದರು. ಬುಧವಾರ ಸಂಜಯ ಬಂದು ತಲುಪಿದ, ಹಳಿಯ ಎಣ್ಣೆ ಹತ್ತಿದ ಬಟ್ಟೆಯಲ್ಲೇ. ಗುರುವಾರ ಮುಂಜಾನೆ, ಕಸ ಹೊಡೆಯುವವರು ಬರುವ ಹೊತ್ತಿಗೆ, ಒಳಗಿನಿಂದ ಅವನೊಬ್ಬನನ್ನೇ ಕರೆದರು. ಅಂದೇ ಸಂಜೆ ಕೂಸನ್ನು ಊರಿಗೆ ತಂದು ಮಣ್ಣು ಮಾಡಿದರು.

ಶನಿವಾರ ಪ್ರಮಿಳಾ ಮಾತ್ರೆಗಳ ಡಬ್ಬಿ ಹಿಡಿದು ಬಂದಳು. ಇದು ಒಬ್ಬರಿಂದ ಒಬ್ಬರಿಗೆ ಹತ್ತುವ ನಂಜು, ಕೂಸಿನ ಹತ್ತಿರ ಬಂದವರೆಲ್ಲರಿಗೂ ಮಾತ್ರೆ ಕೊಡಬೇಕು, ಯಾರು ಯಾರು ಬಂದಿದ್ದರು ಎಂದು ಕೇಳಿದಳು. ಭೀಮಕ್ಕ ಕುಳಿತಲ್ಲೇ ಹನ್ನೊಂದು ಹೆಸರು ಹೇಳಿದಳು, ಬಂದ ಸರದಿಯಲ್ಲೇ, ಯಾರು ಕಾಯಿ ತಂದರು, ಯಾರು ಬರಿಗೈಯಲ್ಲಿ ಬಂದರು ಎಂಬುದರ ಸಮೇತ. ಆಮೇಲೆ ಸೆರಗು ಹೊದ್ದು ತಾನೂ ಪ್ರಮಿಳಾಳ ಜೊತೆ ಹೊರಟಳು.

ಓಣಿಯಲ್ಲಿ ಆಗಲೇ ಒಂದು ಮಾತು ಓಡಾಡುತ್ತಿತ್ತು. ಕಾಡವ್ವ ಅದನ್ನು ತನ್ನ ಕಟ್ಟೆಯ ಮೇಲೆ ಕುಳಿತು ಎಲ್ಲರ ಮುಂದೆ ಆಡಿದಳು. ಸೊಸೆ ಗ್ಲಾಸು ಹಚ್ಚಿ ಅವ್ವನನ್ನು ಪರೀಕ್ಷೆ ಮಾಡಿದಳು, ಮಂಗಳವಾರ ಹೊಸ್ತಿಲು ದಾಟಿಸಿದಳು, ಅವ್ವ ಮುನಿಯದೆ ಏನು ಮಾಡ್ತಾಳ ಎಂದಳು. ಎದುರು ಬಾಗಿಲಲ್ಲಿ ಶೀತಲ ನಿಂತು ಕೇಳುತ್ತಿದ್ದಳು.

"ಗ್ಲಾಸ್ ಖರೇನ ಹೇಳಿತ್ತು, ಕಾಡವ್ವ," ಎಂದಳು ಭೀಮಕ್ಕ. ದನಿ ಏರಿಸಲಿಲ್ಲ. "ಮುಂಜಾನೇನ ಹೇಳಿತ್ತು. ಬಾಗಲಕ ಅಡ್ಡ ನಿಂತಾಕಿ ನಾನು. ಕಾಲು ಮುಟ್ಟಿ ತಣ್ಣಗಾತು ಅಂದಾಕಿ ನಾನು. ಬೈಯೂದಿದ್ರ ನನ್ನ ಬೈರಿ. ಈಗ ಮಾತ್ರಿ ನುಂಗು, ನಾ ನೋಡಬೇಕು."

ಕಾಡವ್ವ ಮಾತ್ರೆಗೆ ಕೈ ಚಾಚಿದಳು. ಹನ್ನೊಂದೂ ಮನೆಗಳಲ್ಲಿ ಭೀಮಕ್ಕ ಇದನ್ನೇ ಹೇಳಿದಳು. ತಿರುಗಿ ಬಂದಾಗ ಶೀತಲ ಬಾಗಿಲಲ್ಲಿ ಇರಲಿಲ್ಲ. ಒಳಗೆ ತನ್ನ ಸೀರೆಗಳನ್ನು ಮಡಿಸಿ ಚೀಲಕ್ಕೆ ಹಾಕುತ್ತಿದ್ದಳು.

ಸೋಮವಾರ ಮುಂಜಾನೆ ಬೆಳಗಾವಿಯ ಟಿಳಕವಾಡಿಯಿಂದ ಶೀತಲಳ ಅಣ್ಣ ಕರೆದೊಯ್ಯಲು ಬಂದ. ಆ ಭಾಗದಲ್ಲಿ ಮನೆಯಿಂದ ಹೊರಟವರು ಯಾರೂ ಹೋಗತೇನಿ ಎನ್ನುವುದಿಲ್ಲ, ಬರತೇನಿ ಎಂದೇ ಅನ್ನುತ್ತಾರೆ. ಶೀತಲ ಚೀಲ ಹಿಡಿದು ಅತ್ತೆಯ ಮುಂದೆ ನಿಂತಳು. ಪಾದ ಮುಟ್ಟಲು ಬಗ್ಗಲಿಲ್ಲ.

"ಹೋಗತೇನ್ರಿ ಅತ್ತಿ," ಎಂದಳು.

ಭೀಮಕ್ಕ ತಲೆಯಾಡಿಸಿದಳು. ಒಂಬತ್ತರ ಬಸ್ಸಿಗೆ ಶೀತಲ ಹೋದಳು.