ಕಾಂಡಕ್ಕೆ ಕಟ್ಟಿದ ಹನಿ

ಪ್ಲಂಬರನಿಗೆ ಪೈಪು ಅಂದರೆ ಪ್ರಾಣ. ಅಕ್ಕ ತನ್ನ ಹಿತ್ತಲಲ್ಲಿ ಮೂವತ್ತು ಕುಳ್ಳ ನಿಂಬೆ ಸಸಿ ನೆಟ್ಟಾಗ, ಹನಿ ನೀರಾವರಿಗೆ ಬೇರೆಯವರನ್ನು ಕರೆಯಲು ಬಿಡದೆ ತಾನೇ ನಿಂತು ಪೈಪು ಎಳೆದಿದ್ದ. ನೀರು ತೊಟ್ಟಿಕ್ಕುವ ಡ್ರಿಪ್ಪರುಗಳು ಆಚೀಚೆ ಸರಿಯಬಾರದೆಂದು ಒಂದೊಂದನ್ನೂ ಸಸಿಯ ಕಾಂಡಕ್ಕೇ ಬಿಗಿಯಾಗಿ ಕಟ್ಟಿದ್ದ. ನೋಡಲು ಬಲು ಅಚ್ಚುಕಟ್ಟು.

ಮೂರು ತಿಂಗಳಲ್ಲಿ ಎಲೆ ಹಳದಿಯಾದವು. ತಪ್ಪು ಯಾರದೆಂಬುದರಲ್ಲಿ ಅವನಿಗೆ ಸಂಶಯವೇ ಇರಲಿಲ್ಲ. ಅಕ್ಕನಿಗೆ ಚಿಕ್ಕಂದಿನಿಂದಲೂ ಯಾರಿಗಾದರೂ ಏನಾದರೂ ಸುರಿಯದಿದ್ದರೆ ಸಮಾಧಾನವಿಲ್ಲ. ಕದ್ದು ಬಕೆಟ್ಟಿನಲ್ಲಿ ನೀರು ಹಾಕುತ್ತಿದ್ದಾಳೆ, ಅಷ್ಟೇ. ಒಂದು ಚೊಂಬೂ ಹಾಕಿಲ್ಲವೆಂದು ಅವಳು ಆಣೆ ಮಾಡಿದಳು. ಯಾರು ಕೇಳಬೇಕು? ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ, "ನಮ್ಮಕ್ಕ ಮೀನನ್ನೂ ನೀರಲ್ಲಿ ಮುಳುಗಿಸಿ ಸಾಯಿಸ್ತಾಳೆ" ಎಂದ. ಎಲ್ಲರೂ ನಕ್ಕರು. ಅಕ್ಕ ಬಡಿಸುತ್ತಲೇ ಇದ್ದಳು.

ಇವತ್ತು ಸಸಿ ಕೊಟ್ಟ ನರ್ಸರಿಯಮ್ಮನೇ ನೋಡಲು ಬಂದರು. ಮೊಣಕಾಲೂರಿ ಒಂದು ಸಸಿಯ ಬುಡ ಕೆದಕಿದರು. ಬೆರಳು ತಾಕಿದ್ದೇ ತಡ, ನೆನೆದ ರದ್ದಿ ಕಾಗದದಂತೆ ತೊಗಟೆ ಕಿತ್ತುಬಂತು. ಜೊತೆಗೆ ಕೊಳೆತ ನಾತ. ನಿಂಬೆಗೆ ಬೇರಿನ ಸುತ್ತ ತೇವ ಬೇಕು, ಕಾಂಡ ಮಾತ್ರ ನೆನೆಯಕೂಡದು, ಹನಿ ಒಂದು ಗೇಣಾದರೂ ದೂರ ಬೀಳಬೇಕು ಎಂದು ವಿವರಿಸಿ, ತಲೆಯೆತ್ತಿ ಕೇಳಿದರು: "ಇದನ್ನ ಕಾಂಡಕ್ಕೆ ಕಟ್ಟಿದ ಪುಣ್ಯಾತ್ಮರು ಯಾರು?"

ಪಕ್ಕದಲ್ಲೇ ನಿಂತಿದ್ದ ಪ್ಲಂಬರ ಬಗ್ಗಿ ಪೈಪಿನ ಜೋಡಣೆ ತಿರುವತೊಡಗಿದ.

"ನಾನೇ," ಎಂದಳು ಅಕ್ಕ.

ನರ್ಸರಿಯಮ್ಮ ಬಿಡುವವರೇ? ಕೂಸಿನ ಕೊರಳಿಗೆ ಒದ್ದೆ ಬಟ್ಟೆ ಸುತ್ತಿ ಮೂರು ತಿಂಗಳು ಬಿಡುತ್ತೀರಾ ಎಂದು ಶುರುಮಾಡಿ ಚೆನ್ನಾಗಿ ಜಾಡಿಸಿದರು. ಅಕ್ಕ ತಲೆ ತಗ್ಗಿಸಿ ಕೇಳಿಸಿಕೊಂಡಳು. ಮೊದಲು ಅವನಿಗೆ ಹಾಯೆನ್ನಿಸಿತು. ಹಾಯೆನ್ನಿಸಿತಲ್ಲ ಎಂದೇ ಆಮೇಲೆ ಮೈಯೆಲ್ಲ ಮುಳ್ಳಾಯಿತು.

"ಕಟ್ಟಿದ್ದು ನಾನು," ಎಂದ.

"ಗೊತ್ತಾಯ್ತು ಬಿಡಿ," ಎಂದರು ನರ್ಸರಿಯಮ್ಮ. "ಬೈಸ್ಕೊಂಡಿದ್ದು ಅವರು, ಕಿವಿ ಕೆಂಪಗಾಗಿದ್ದು ನಿಮ್ಮದು."

ಒಂಬತ್ತು ಸಸಿ ಉಳಿಯುವುದಿಲ್ಲ, ಮಿಕ್ಕವುಗಳ ಬುಡ ಒಣಗಲು ಬಿಡಿ ಎಂದು ಹೇಳಿ ಅವರು ಹೊರಟರು. ಅವನು ಮಣ್ಣಲ್ಲೇ ಕೂತು ಕಟ್ಟು ಕತ್ತರಿಸತೊಡಗಿದ. ಅಕ್ಕ ಎದುರಿಗೆ ಬಂದು ಕೂತಳು.

"ಯಾಕಕ್ಕ ನೀನು ಹಾಗಂದೆ?"

"ಅನ್ನಿಸ್ಕೊಂಡು ರೂಢಿಯಾಗಿದೆಯಲ್ಲಪ್ಪ."

ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಬಾವನಿಗೆ ತಾನೇ ಹೇಳುತ್ತೇನೆಂದ.

"ಬಾವ ಒಬ್ಬರೇ ಅಲ್ಲ, ಅವತ್ತು ನಕ್ಕೋರಿಗೆಲ್ಲ ಹೇಳು. ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ಚಿಕ್ಕಮ್ಮ."

ಚಿಕ್ಕಮ್ಮನಿಗೆ ಹೇಳುವುದೂ ಒಂದೇ, ಡಂಗುರ ಸಾರುವುದೂ ಒಂದೇ. ಅವನು ಕೈಯ ಕೆಸರು ಪ್ಯಾಂಟಿಗೆ ಒರೆಸಿಕೊಂಡು ಫೋನ್ ಮಾಡಿದ.

"ಚಿಕ್ಕಮ್ಮ, ಅಕ್ಕ ನೀರು ಹಾಕಿರಲಿಲ್ಲ."

"ಯಾವ ನೀರೋ?" ಎಂದಳು ಚಿಕ್ಕಮ್ಮ. ಅವಳಿಗೆ ಮರೆತೇ ಹೋಗಿತ್ತು.

ಅಕ್ಕ ನೋಡುತ್ತಿದ್ದಳು. ಅವನು ಮೊದಲಿಂದ ಹೇಳಬೇಕಾಯಿತು.