ನನ್ನ ಹೊಟ್ಟೆಗೆ ನನ್ನದೇ ಕೈ

ಗುಡುಗುಡು ಎಂದದ್ದು ಕೆಳಗಿನ ಗ್ರೈಂಡರೋ ನನ್ನ ಹೊಟ್ಟೆಯೋ, ಚಾಪೆಗೆ ಬೆನ್ನು ಕೊಟ್ಟು ಮಲಗಿದವನಿಗೆ ಎರಡೂ ಒಂದೇ ಕಡೆಯಿಂದ ಬಂದ ಹಾಗೆ ಕೇಳಿಸುತ್ತದೆ, ಗ್ರೈಂಡರೇ ಇರಬೇಕು, ಮೂರು ಗಂಟೆಗೆ ಅಡುಗೆಯ ಕಾಶೀನಾಥ ನಾಳೆಯ ಉದ್ದು ಹಾಕುತ್ತಾನೆ, ನನ್ನ ಹೊಟ್ಟೆ ಅಷ್ಟು ನಿಯತ್ತಿನಿಂದ ತಿರುಗುವುದಾದರೆ ಈ ಐವತ್ತೊಂಬತ್ತನೆಯ ವಯಸ್ಸಿನಲ್ಲಿ ನಾನೇಕೆ ಹೀಗೆ, ಹೋಟೆಲಿನ ಮಾಳಿಗೆಯ ಕೋಣೆಯಲ್ಲಿ, ಬನಿಯನ್ನು ಎದೆಗೆ ಏರಿಸಿಕೊಂಡು, ಮೊಣಕಾಲಿನ ಅಡಿಗೆ ದಿಂಬು ತುರುಕಿಕೊಂಡು, ಬಾಣಂತಿಯ ಹಾಗೆ ಬಿದ್ದಿರಬೇಕಿತ್ತು — ಎಣ್ಣೆ ಆರಿದೆ, ಇನ್ನೊಂದು ಸಲ ಬಿಸಿ ಮಾಡಲು ಏಳಬೇಕು, ಏಳುವುದಿಲ್ಲ, ಅಂಗೈ ಉಜ್ಜಿಕೊಂಡರೂ ಸಾಕು ಎಂದಿದ್ದಾಳೆ ಮಂದಾಕಿನಿ, ಗಂಗಾಪುರ ರೋಡಿನ ಫಿಸಿಯೋಥೆರಪಿ ಹುಡುಗಿ, ಬಲ ಸೊಂಟದ ಮೂಳೆಯಿಂದ ಶುರು ಕಾಕಾ, ಮೇಲಕ್ಕೆ ಪಕ್ಕೆಲುಬಿನ ತನಕ, ಅಲ್ಲಿಂದ ಅಡ್ಡಕ್ಕೆ, ಆಮೇಲೆ ಎಡಗಡೆಯಿಂದ ಇಳಿಸಿ, ದೊಡ್ಡ ಕರುಳಿನ ದಾರಿಯೇ ಅದು, ಗಡಿಯಾರದ ಮುಳ್ಳು ತಿರುಗಿದ ಹಾಗೆ, ನಿಧಾನ, ಒತ್ತಬೇಡಿ, ಪೋಟಾಶೀ ಭಾಂಡೂ ನಕಾ, ಹೊಟ್ಟೆಯ ಜೊತೆ ಜಗಳ ಆಡಬೇಡಿ. ನಾನೆಲ್ಲಿ ಆಡುತ್ತೇನೆ ತಾಯಿ, ಅದೇ ಆಡುತ್ತಿರುವುದು, ಏಳು ತಿಂಗಳಾಯಿತು, ತಿಂದದ್ದು ತಿಂದಲ್ಲೇ ಕೂರುತ್ತದೆ, ಗಾಳಿ ಮೇಲಕ್ಕೂ ಇಲ್ಲ ಕೆಳಕ್ಕೂ ಇಲ್ಲ, ಬೆಳಿಗ್ಗೆ ಅರ್ಧ ಗಂಟೆ ಸಂಡಾಸಿನಲ್ಲಿ ಕೂತು ಕಾಲು ಜೋಮು ಹಿಡಿಸಿಕೊಂಡು ಬರುವುದಷ್ಟೇ ಲಾಭ, ಸ್ಕ್ಯಾನ್ ಆಯಿತು, ಬಾಯಿಯಿಂದ ನಳಿಗೆ ಇಳಿಸಿ ನೋಡಿದ್ದೂ ಆಯಿತು, ಏನೂ ಇಲ್ಲ ಶೇಟ್, ಎಲ್ಲ ಸಾಫ್ ಎಂದರು ಡಾಕ್ಟರು, ಏನೂ ಇಲ್ಲ ಎಂದು ಹೇಳಲಿಕ್ಕೆ ಅಷ್ಟು ನಗು ಯಾಕೆ ಬೇಕಿತ್ತೋ ಆ ಮನುಷ್ಯನಿಗೆ — ಏಳು ತಿಂಗಳು, ಅಂದರೆ ಚಂಪಾ ಮಗಳ ಮನೆಗೆ ಹೋದ ದಿನದಿಂದ, ಇದಕ್ಕೆ ಡಾಕ್ಟರು ಯಾಕೆ ಬೇಕು. ನಾಲ್ಕಕ್ಕೆ ಅವಳ ಫೋನು ಬರುತ್ತದೆ. ನಾಲ್ಕಕ್ಕೆ ನಾನು ಹೇಳಬೇಕು, ಬಾ ಎಂದು, ಇವತ್ತು ಹೇಳದಿದ್ದರೆ ನನ್ನ ಹೆಂಡತಿ ಇನ್ನೆರಡು ವರ್ಷ ಸಂಭಾಜಿನಗರದಲ್ಲೇ, ಮಗಳ ಮನೆಯಲ್ಲೇ. ಈಗ ಮೂರು ಇಪ್ಪತ್ತು.

ಬಾಣಂತನ ತವರಿನಲ್ಲಿ ಆಗಬೇಕು, ಊರು ಬಿಟ್ಟು ನಾಸಿಕಕ್ಕೆ ಬಂದು ಎಷ್ಟು ವರ್ಷವಾದರೂ ನಮ್ಮವರ ಪದ್ಧತಿ ಪದ್ಧತಿಯೇ, ಆದರೆ ಮಗಳು ಶ್ರೀಜಾಳಿಗೆ ಏಳನೆಯ ತಿಂಗಳಿನಲ್ಲಿ ಸ್ವಲ್ಪ ರಕ್ತ ಕಾಣಿಸಿಕೊಂಡು, ಯೇವಲಾ ದಾರಿಯಲ್ಲಿ ಐದು ಗಂಟೆಯ ಪ್ರಯಾಣ ಬೇಡವೇ ಬೇಡ ಎಂದರು ಅಲ್ಲಿಯ ಡಾಕ್ಟರು, ಸರಿ, ಮಗಳು ತವರಿಗೆ ಬರದಿದ್ದರೆ ತವರೇ ಬಸ್ಸು ಹತ್ತಬೇಕು, ಎರಡು ಚೀಲ, ಒಂದು ಡಬ್ಬ ಲೇಹ್ಯ, ಹತ್ತು ಕಿಲೋ ಕುಚ್ಚಲಕ್ಕಿ, ನಾನು ಸ್ಟ್ಯಾಂಡಿಗೆ ಹೋದೆ, ಕಿಟಕಿಯ ಕೆಳಗೆ ನಿಂತೆ, ನೀರಿನ ಬಾಟಲಿ ಕೊಟ್ಟೆ, ಚಂಪಾ ನನ್ನನ್ನೇ ನೋಡುತ್ತಿದ್ದಳು, ಏನಾದರೂ ಹೇಳುತ್ತಾರೆ ಎಂದು ಕಾದಳು, ಬಸ್ಸು ಹೊರಡುವಾಗ ನಾನು ಕೇಳಿದ್ದು ಏನು, ಚಟ್ನಿಪುಡಿ ಡಬ್ಬ ಎಲ್ಲಿಟ್ಟಿದ್ದಿ ಎಂದು, ಥೂ ನನ್ನ ಬಾಯಿಗಿಷ್ಟು — ಬಲದಿಂದ ಮೇಲಕ್ಕೆ, ಅಡ್ಡಕ್ಕೆ, ಎಡದಿಂದ ಕೆಳಕ್ಕೆ, ಇದನ್ನು ಅವಳಿಗೆ ಯಾವ ಮಂದಾಕಿನಿಯೂ ಕಲಿಸಿರಲಿಲ್ಲ, ಮದುವೆಯಾದ ಹೊಸದರಲ್ಲಿ, ಪಂಚವಟಿಯ ಹಳೇ ಹೋಟೆಲಿನ ಹಿಂದಿನ ಕೋಣೆ, ಆಗಲೂ ನನಗೆ ಇದೇ ಗ್ಯಾಸು, ಹೋಟೆಲಿನವನ ಊಟ ಎಂದರೆ ಊರಿಗೆಲ್ಲ ಬಡಿಸಿ ಮೂರೂವರೆಗೆ ತೊಳೆಯುವ ತೊಟ್ಟಿಯ ಪಕ್ಕ ನಿಂತು ನುಂಗುವುದು, ನುಂಗಿದ್ದು ಅಲ್ಲೇ ನಿಲ್ಲುವುದು, ಹೋಟೆಲಿನ ಯಜಮಾನನಿಗೇ ಹೋಟೆಲಿನ ಸಾಂಬಾರು ಆಗುವುದಿಲ್ಲ ಎಂಬುದನ್ನು ಗಲ್ಲೆಯಲ್ಲಿ, ದುಡ್ಡಿನ ಪೆಟ್ಟಿಗೆಯ ಮುಂದೆ ಕೂತು ಯಾರಿಗೆ ಹೇಳುವುದು, ಬೋರ್ಡು ಇಳಿಸಬೇಕಾದೀತು, ಅವಳು ಮಾತಾಡದೆ ತೆಂಗಿನೆಣ್ಣೆಗೆ ಓಮ ಹಾಕಿ ಕಾಯಿಸಿ ತಂದು, ಗೋಡೆಗೆ ಒರಗಿ ಕೂತು, ಮಲಗಿ ಎಂದಳು, ಹತ್ತೊಂಬತ್ತು ವರ್ಷದ ಹುಡುಗಿ, ನನ್ನ ಮುಖ ನೋಡಲಿಕ್ಕೂ ನಾಚಿಕೆ, ಹೊಟ್ಟೆ ಮುಟ್ಟಲಿಕ್ಕೆ ಮಾತ್ರ ನಾಚಿಕೆ ಇಲ್ಲ, ಕೈ ಒರಟು, ಅಂಗೈಯಲ್ಲಿ ಬಿಸಿ, ಉಸಿರು ಬಿಡಿ, ಹೊಟ್ಟೆಯನ್ನು ಯಾಕೆ ಹಿಡ್ಕೊಂಡಿದ್ದೀರಿ, ಯಾರೂ ಕದ್ದುಕೊಂಡು ಹೋಗುದಿಲ್ಲ, ನಾನು ನಕ್ಕೆ, ನಕ್ಕಾಗ ಸಡಿಲಾಯಿತು, ಒಳಗೆ ಏನೋ ಜಾರಿದ ಹಾಗೆ ಗುಳು ಗುಳು ಎಂದಿತು, ಅವಳೂ ನಕ್ಕಳು. ಆಮೇಲೆ ಶ್ರೀಜಾ ಹುಟ್ಟಿದಳು, ಈ ದೊಡ್ಡ ಹೋಟೆಲು ಹಿಡಿದೆ, ನಾನು ಮನೆಗೆ ಬರುವಾಗ ಅವಳಿಗೆ ನಿದ್ದೆ, ಅವಳು ಏಳುವಾಗ ನಾನು ಹಾಲಿನ ಗಾಡಿಯ ಹತ್ತಿರ, ಎಣ್ಣೆ ತಿಕ್ಕುವುದು ಎಂದು ನಿಂತಿತೋ, ಕೊನೆಯ ಸಲ ಅದು ಎಂದು ಯಾರಾದರೂ ಹೇಳಿದ್ದರೆ ನೆನಪಿಟ್ಟುಕೊಳ್ಳುತ್ತಿದ್ದೆ, ಆದರೆ ಗಂಜಿ ನಿಲ್ಲಲಿಲ್ಲ, ದಿನಾ ಮೂರಕ್ಕೆ ಅವಳು ಮೆಟ್ಟಿಲು ಇಳಿದು ತರುವ ಡಬ್ಬಿಯಲ್ಲಿ ಗಂಜಿ, ಅಂಚಿನಲ್ಲಿ ಒಂದು ಮಿಡಿ ಉಪ್ಪಿನಕಾಯಿ, ಅದೇ ನನ್ನನ್ನು ಮೂವತ್ತು ವರ್ಷ ನಡೆಸಿದ್ದು ಎಂದು ಈಗ ಹೊಟ್ಟೆ ಹೇಳುತ್ತಿದೆ. ನನ್ನ ಕೈ ಎಲ್ಲಿಗೆ ಬರುತ್ತದೆ ಎಂದು ನನ್ನ ಹೊಟ್ಟೆಗೆ ಮೊದಲೇ ಗೊತ್ತು, ಬರುವ ಮುಂಚೆಯೇ ಗಟ್ಟಿಯಾಗಿ ಕೂರುತ್ತದೆ, ಸ್ವಂತ ಕೈಗೆ ಇನ್ನಷ್ಟು ಎಂದು ಹೇಳುವುದು ಹೇಗೆ, ಸಾಕು ಎನ್ನುವುದಾದರೂ ಹೇಗೆ, ಸುಮ್ಮನೆ ತಿರುಗಿಸುತ್ತಾ ಇರುವುದು, ಹತ್ತು ನಿಮಿಷ ಎಂದಿದ್ದಾಳೆ ಮಂದಾಕಿನಿ, ಇನ್ನೂ ನಾಲ್ಕು ಬಾಕಿ ಇದೆ.

ಬುಧವಾರ ಕೇಳಿದಳಲ್ಲ ಚಂಪಾ, ಅವಳಾಗಿಯೇ ಕೇಳಿದಳಲ್ಲ, ಮಧ್ಯಾಹ್ನ ಒಂದೂವರೆ, ಗಿರಾಕಿಗಳು ಬಾಗಿಲ ತನಕ, ಟೋಕನಿಗೆ ಕೈ ಚಾಚಿದವರು ನಾಲ್ಕು ಜನ, ಒಂದೂವರೆ ಎಂದರೆ ಏನು ಎಂದು ಅವಳಿಗೆ ಗೊತ್ತಿಲ್ಲವೇ, ಗೊತ್ತಿದ್ದೂ ಆಗಲೇ ಫೋನ್ ಮಾಡಿದಳು ಎಂದರೆ ತಡೆದುಕೊಳ್ಳಲು ಆಗಿರಲಿಲ್ಲ, ಇಷ್ಟು ಸಣ್ಣ ವಿಷಯ ನನಗೆ ಹೊಳೆದದ್ದು ಸಂಜೆ ಕಾಫಿ ಕುಡಿಯುವಾಗ. ಶ್ರೀಜಾಳಿಗೆ ಅವಳು ಕೆಲಸ ಮಾಡುವ ಬಿಡಕಿನ್ ಊರಿನ ಫ್ಯಾಕ್ಟರಿಯಿಂದ ಕಾಗದ ಬಂದಿದೆ, ರಜೆ ಮುಗಿದ ಮೇಲೆ ಬರುತ್ತೀಯೋ ಇಲ್ಲವೋ ತಿಳಿಸು, ಅಳಿಯ ದೀಪಕನಿಗೂ ಪಾಳಿಯ ಕೆಲಸ, ಕೂಸು ಪುಟ್ಟನನ್ನು ನಾನು ನೋಡಿಕೊಳ್ಳುವುದಾದರೆ ಅವಳು ಹೋಗ್ತಾಳೆ, ಎರಡು ವರ್ಷದ ಮಾತು, ನೀವು ಎಂತ ಹೇಳ್ತೀರಿ ಎಂದು ಕೇಳಿ, ದನಿ ಇಳಿಸಿ, ನಾನಿಲ್ಲದೆ ಅಲ್ಲಿ ಖಾಲಿ ಖಾಲಿ ಅನಿಸುದಿಲ್ವಾ ನಿಮಗೆ, ಎಂದಳು. ಖಾಲಿ — ಗಲ್ಲೆಯಲ್ಲಿ ಕೂತವನು ಬಾಯಿಯಲ್ಲಿ ತರಬಾರದ ಮಾತು, ನನ್ನ ಸೋದರಮಾವ ಮೊದಲ ದಿನವೇ ಕಿವಿ ಹಿಂಡಿ ಕಲಿಸಿದ್ದು, ಇಡ್ಲಿ ಮುಗಿದರೆ ಮುಗಿಯಿತು ಎನ್ನಬೇಡ, ದೋಸೆ ಬಿಸಿ ಉಂಟು ಎನ್ನು, ಪಾತ್ರೆ ಖಾಲಿ ಎನ್ನಬೇಡ, ತುಂಬಿಸಿ ತಾ ಎನ್ನು, ಲಕ್ಷ್ಮಿ ಕೇಳಿಸಿಕೊಂಡು ಎದ್ದು ಹೋಗುತ್ತಾಳೆ, ಈ ಊರಿನವರು ಸಹ ಅಂಗಡಿ ಮುಚ್ಚುವುದಕ್ಕೆ ದುಕಾನ್ ವಾಢವಾ ಎನ್ನುತ್ತಾರೆ, ಹೆಚ್ಚಿಸಿ ಎಂದು, ನಲವತ್ತು ವರ್ಷದ ಅಭ್ಯಾಸ, ಆ ಮಾತು ಕಿವಿಗೆ ಬಿದ್ದದ್ದೇ ನನ್ನ ಬಾಯಿ ನನ್ನನ್ನು ಕೇಳದೆ ಉತ್ತರ ಕೊಟ್ಟಿತು, ಖಾಲಿ ಎಂತದ್ದು ಮಾರಾಯ್ತಿ, ಎಲ್ಲ ತುಂಬಿ ಉಂಟು, ಕಾಲಿಡ್ಲಿಕ್ಕೆ ಜಾಗ ಇಲ್ಲ. ಎದುರಿಗೆ ನಿಂತ ಗಿರಾಕಿಗೆ ಹೇಳುವ ದನಿಯಲ್ಲಿ, ನಗುನಗುತ್ತಾ. ಹೌದಾ, ಒಳ್ಳೇದಾಯ್ತು ಬಿಡಿ ಎಂದಳು. ಮಂಗಳವಾರ ನಾಲ್ಕಕ್ಕೆ ಮಾಡ್ತೇನೆ, ಆಗ ನಿಮಗೆ ಬಿಡುವು ಇರ್ತದಲ್ಲ ಎಂದು ಇಟ್ಟಳು. ಸಂಜೆಯೇ ತಿರುಗಿ ಮಾಡಬಹುದಿತ್ತು, ಗುರುವಾರ ಮಾಡಬಹುದಿತ್ತು, ಫೋನು ಕೈಗೆತ್ತಿಕೊಂಡೆ ಸಹ, ಆದರೆ ಏನೆಂದು ಹೇಳಲಿ, ಓದಿಸಿದ ಮಗಳು ಕೆಲಸಕ್ಕೆ ಹೊರಟಾಗ ನನ್ನ ಹೊಟ್ಟೆ ಸರಿ ಇಲ್ಲ ಎಂದು ಬಾಗಿಲಿಗೆ ಅಡ್ಡ ಮಲಗುವ ಅಪ್ಪ ಎಲ್ಲಾದರೂ ಇದ್ದಾನೆಯೇ, ಜನ ಕೇಳಿದರೆ ನಕ್ಕಾರು, ನಾಚಿಕೆಯಾಯಿತು, ಫೋನು ಕೆಳಗಿಟ್ಟೆ.

ಈಗ ಮೊಣಕಾಲು ಎದೆಗೆ, ಎರಡೂ ಕೈಯಲ್ಲಿ ತಬ್ಬಿಕೊಂಡು, ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ, ತೊಟ್ಟಿಲು ತೂಗಿದ ಹಾಗೆ ಕಾಕಾ, ಅಯ್ಯೋ ಸೊಂಟ, ಇದಾದ ಮೇಲೆ ಮಂಡಿಯೂರಿ ಬೆಕ್ಕಿನ ಹಾಗೆ ಬೆನ್ನು ಎತ್ತಬೇಕು, ಆಮೇಲೆ ಕೋಣೆಯಲ್ಲೇ ಹತ್ತು ನಿಮಿಷ ನಡಿಗೆ, ಕೆಳಗಿನವರು ನೋಡಿದರೆ ಶೇಟ್‌ಗೆ ತಲೆ ಕೆಟ್ಟಿದೆ ಎಂದುಕೊಂಡಾರು — ಶನಿವಾರ ಶ್ರೀಜಾ ಒಂದು ವಿಡಿಯೋ ಕಳಿಸಿದಳು, ಪಪ್ಪಾ ನೋಡಿ, ನಿಮ್ಮ ಮೊಮ್ಮಗನಿಗೂ ನಿಮ್ಮದೇ ಗ್ಯಾಸ್, ಪುಟ್ಟ ಕೆಂಪಗಾಗಿ ಕಿರುಚುತ್ತಿದೆ, ಐದು ತಿಂಗಳ ಹೊಟ್ಟೆ ಬಿಗಿದು ಕೂತಿದೆ, ಅದರ ಮೇಲೆ ಚಂಪಾಳ ಕೈ, ಮುಖ ಇಲ್ಲ, ಕೈ ಮಾತ್ರ, ಮೊಣಕೈಯ ಹತ್ತಿರಕ್ಕೆ ಏರಿಸಿದ ಬಳೆ, ಬಲದಿಂದ ಮೇಲಕ್ಕೆ, ಅಡ್ಡಕ್ಕೆ, ಎಡದಿಂದ ಕೆಳಕ್ಕೆ, ಮೂರನೆಯ ಸುತ್ತಿಗೆ ಕಿರುಚಾಟ ನಿಂತಿತು, ಐದನೆಯದಕ್ಕೆ ಪುರ್ರ್ ಎಂದಿತು, ಎಲ್ಲರೂ ನಕ್ಕರು, ಅವಳ ನಗುವೂ ಕೇಳಿಸಿತು, ಶನಿವಾರದಿಂದ ಎಷ್ಟು ಸಲ ನೋಡಿದೆನೋ, ಗಲ್ಲೆಯಲ್ಲಿ ಕೂತು, ಬಾತ್‌ರೂಮಿನಲ್ಲಿ ನಿಂತು, ಹಾಲು ಕುಡಿಯುವ ಕೂಸಿನ ಮೇಲೆ ನನಗೆ ಹೊಟ್ಟೆಕಿಚ್ಚು, ಹೇಳಿಕೊಂಡರೆ ಯಾರಾದರೂ ನಂಬಿಯಾರೇ, ಆ ಕೈ ನನಗೆ ಬೇಕು, ಅವಳು ಬೇಕು, ತಿಕ್ಕುವುದಕ್ಕಲ್ಲ, ಗಂಜಿಗೂ ಅಲ್ಲ, ಗಂಜಿ ಕಾಶೀನಾಥನೂ ಮಾಡಿಯಾನು, ಈ ಚಾಪೆಯ ಪಕ್ಕ ಅವಳು ಸುಮ್ಮನೆ ಕೂತಿರಬೇಕು, ಬೈಯುತ್ತಿದ್ದರೂ ಸರಿ. ನಮ್ಮ ರಾಮಕುಂಡದ ಮುಂದೆ ಹರಿಯುವ ಗೋದಾವರಿ ಪೈಠಣದ ಕಟ್ಟೆಗೆ ಹೋಗಿ ನಿಂತು ಅಲ್ಲಿಂದ ಅವರ ನಲ್ಲಿಗೆ ಬರುತ್ತದಂತೆ, ಅದೂ ವಾರಕ್ಕೊಮ್ಮೆ ಎಂದು ಚಂಪಾ ಗೊಣಗುತ್ತಾಳೆ, ವಾರಕ್ಕೊಮ್ಮೆಯಾದರೂ ನೀರು ಹೋಗಿ ತಲುಪುತ್ತದೆ, ನಾನು ಏಳು ತಿಂಗಳಿನಲ್ಲಿ ಒಂದು ಸಲ ಹೋದೆ, ಮಗುವಿನ ನಾಮಕರಣಕ್ಕೆ, ಉಂಡು ಅದೇ ದಿನ ವಾಪಸು ಬಂದೆ, ಮರುದಿನ ರವಿವಾರ, ಹೋಟೆಲಿನಲ್ಲಿ ರಶ್ಶು. ಇವತ್ತು ಹೇಳುತ್ತೇನೆ, ಒಂದು ಅಕ್ಷರ, ಬಾ, ಮಗುವಿಗೆ ಬೇರೆ ಏರ್ಪಾಡು ಮಾಡೋಣ, ಬೇಕಾದರೆ ಪುಟ್ಟನನ್ನೂ ಕರೆದುಕೊಂಡು ಬಾ, ಶ್ರೀಜಾ ರವಿವಾರ ಬಂದು ನೋಡಲಿ, ಇಲ್ಲ, ಅಷ್ಟುದ್ದ ಬೇಡ, ಉದ್ದವಾದರೆ ನಾನು ಮತ್ತೆ ಚಟ್ನಿಪುಡಿಗೆ ಹೋಗುತ್ತೇನೆ. ಉಸಿರು ಬಿಡುವಾಗ ಹೇಳಿ ನೋಡುತ್ತೇನೆ, ಬಾ, ಉಸಿರು ಮಾತ್ರ ಬಂತು, ಇನ್ನೊಮ್ಮೆ, ಬಾ, ಈಗ ಕೋಣೆಗೆ ಕೇಳಿಸುವಷ್ಟು ಬಂತು.

ಫೋನು — ನಾಲ್ಕಕ್ಕೆ ಇನ್ನೂ ಎಂಟು ನಿಮಿಷ ಇದೆಯಲ್ಲ, ಬೆರಳಿಗೆ ಎಣ್ಣೆ, ಹಸಿರು ಗುಂಡಿ ಜಾರುತ್ತದೆ, ತಗೊಳ್ಳುವುದಿಲ್ಲ, ಪಂಚೆಗೆ ಒರೆಸಿಕೋ ಕಿಟ್ಟಣ್ಣ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ, ನಿಂತು ಹೋದೀತು, ಹಾಂ, ಬಂತು, ವಿಡಿಯೋ, ಅವಳು ಫೋನನ್ನು ಯಾವುದಕ್ಕೋ ಒರಗಿಸಿ ಇಟ್ಟಿದ್ದಾಳೆ, ಓರೆಯಾಗಿದೆ, ಅವಳ ಗದ್ದದ ತನಕ ಮಾತ್ರ ಕಾಣುತ್ತದೆ, ಕೆಳಗೆ ಮಡಿಲಿನಲ್ಲಿ ಪುಟ್ಟ, ಅದರ ಹೊಟ್ಟೆಯ ಮೇಲೆ ಕೈ, ತಿರುಗುತ್ತಿದೆ, ಕೇಳಿಸ್ತದಾ, ಇವನಿಗೆ ಬೆಳಿಗ್ಗೆಯಿಂದ ಮತ್ತೆ ಶುರುವಾಗಿದೆ, ಕೈ ತೆಗೆದರೆ ಕೂಗ್ತಾನೆ, ಹಾಗಾಗಿ ಹೀಗೇ ಮಾಡಿದೆ, ನಿಮ್ಮದು ಹೇಗುಂಟು ಹೊಟ್ಟೆ, ಆ ಹುಡುಗಿ ಹೇಳಿಕೊಟ್ಟದ್ದು ಮಾಡ್ತೀರಾ, ಮಾಡ್ತೇನೆ, ಆಗ್ತದಾ, ಇಲ್ಲ, ಎಂದೆ, ಇಲ್ಲ ಎಂದು ಹೇಳಿದೆ, ನನ್ನ ಬಾಯಿಗೆ ಆ ಶಬ್ದ ಬಂದದ್ದು ನನಗೇ ಆಶ್ಚರ್ಯ, ಮೇಲಕ್ಕೆ, ಅಡ್ಡಕ್ಕೆ, ಕೈ ನಿಧಾನವಾಯಿತು, ಅವಳು ಕಾಯುತ್ತಿದ್ದಾಳೆ, ಬಸ್ಸಿನ ಕಿಟಕಿಯಲ್ಲಿ ಕಾದ ಹಾಗೆ, ಹೇಳು, ಈಗ ಹೇಳು, ಚಂಪಾ, ನೀನು ಬಾ. ಹೊಟ್ಟೆಗಲ್ಲ. ನೀನಿಲ್ಲದೆ ನನಗೆ ಆಗುದಿಲ್ಲ. ಹೇಳಿಬಿಟ್ಟೆ, ಅವಳ ಕೈ ನಿಂತಿದೆ, ಹಿಂದಿನಿಂದ ಶ್ರೀಜಾಳ ದನಿ, ಪಪ್ಪಾ, ಮೀ ಸಕಾಳೀಚ್ ಮೇಲ್ ಕೇಲಾ, ಬೆಳಿಗ್ಗೆನೇ ಫ್ಯಾಕ್ಟರಿಗೆ ಕೆಲಸಕ್ಕೆ ಬರ್ತೀನಿ ಅಂತ ಮೇಲ್ ಮಾಡಿಬಿಟ್ಟೆ, ಅಮ್ಮ ಹೇಳಿದ್ಳು ಪಪ್ಪಂಗೆ ಏನೂ ಪ್ರಾಬ್ಲಮ್ ಇಲ್ಲ ಅಂತ, ಅಲ್ವಾ ಅಮ್ಮಾ, ಚಂಪಾಳ ಗದ್ದ ಒಮ್ಮೆ ಅದುರಿತು, ಬುಧವಾರ ಕೇಳಿದ್ದೆನಲ್ಲ ನಾನು, ಎಂದಳು, ಬೈದದ್ದಲ್ಲ, ಬೈದಿದ್ದರೆ ಒಳ್ಳೆಯದಿತ್ತು, ಕೇಳಿದ್ದಿ, ಹೌದು, ಕೇಳಿದ್ದಿ, ನಾನೇ, ಗಿರಾಕಿ, ಟೋಕನು, ಪುಟ್ಟ ಕಾಲು ಒದೆಯುತ್ತಿದೆ, ತಿಕ್ಕು ಎನ್ನುತ್ತಿದೆ, ಮುಖ ಹಿಂಡುತ್ತಿದೆ, ಇನ್ನೇನು ಅಳುತ್ತದೆ, ಆದರೂ ಆ ಕೈ, ಪಕ್ಕೆಲುಬಿನ ಕೆಳಗೆ, ಅಡ್ಡಕ್ಕೆ ಹೋಗುವ ದಾರಿಯ ನಡುವೆ, ಎಣ್ಣೆ ಹೊಳೆಯುವ ಐದು ಬೆರಳು, ಎಡಕ್ಕೂ ಇಲ್ಲ, ಕೆಳಕ್ಕೂ ಇಲ್ಲ, ಮಗುವಿನ ಹೊಟ್ಟೆಯ ಮೇಲೆ ಚಂಪಾಳ ಕೈ, ನಿಂತಿದೆ, ಕೈ ನಿಂತಿದೆ